ಕ್ಯಾನ್ಸರ್‌ಗೆ ‘ಗ್ಯಾರಂಟಿ ಮದ್ದು’ ಬಂದಾಗ: ದುಡ್ಡು ಕೊಡುವ ಮುಂಚೆ ಏನೇನು ಮಾಡಬೇಕು

ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟ್ ಬಂದು ಎರಡು ದಿನ ಆಗಿರುವುದಿಲ್ಲ, ಫೋನ್ ಶುರುವಾಗುತ್ತದೆ. ‘ಒಬ್ಬರು ಇದ್ದಾರೆ, ಕೀಮೋ ಇಲ್ಲದೇ ಗುಣ ಮಾಡ್ತಾರಂತೆ.’ ‘ಒಂದು ಪುಡಿ ಇದೆ, ಕೊನೇ ಸ್ಟೇಜ್‌ನಲ್ಲಿದ್ದವರೂ ಎದ್ದು ಓಡಾಡ್ತಿದ್ದಾರಂತೆ.’ ಆಮೇಲೆ ಒಂದು ವಿಡಿಯೋ, ಒಂದು ನಂಬರ್. ಕೊನೆಗೆ, ‘ಸುಮ್ನೆ ಟ್ರೈ ಮಾಡಿ, ಕಳೆದುಕೊಳ್ಳೋದು ಏನಿದೆ?’

ಹೀಗೆ ಹೇಳುವವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ನಂಬರಿನ ಇನ್ನೊಂದು ತುದಿಯಲ್ಲಿ ಕೂತವರಿಗೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ ಏನೂ ಇಲ್ಲ. ಕಳೆದುಕೊಳ್ಳುವುದಂತೂ ಬೇಕಾದಷ್ಟಿದೆ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಕಡೆಗೆ ಹರಡದ ಕ್ಯಾನ್ಸರ್ ಇದ್ದೂ, ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದ 281 ಜನರನ್ನು, ಅದೇ ತರಹದ ಕಾಯಿಲೆಗೆ ಆಸ್ಪತ್ರೆ ಚಿಕಿತ್ಸೆ ಪಡೆದ 560 ಜನರ ಜೊತೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗಿಂತ ಜಾಸ್ತಿ. ಇವರು ಗುಣವಾಗುವ ಅವಕಾಶ ಇನ್ನೂ ಕೈಯಲ್ಲಿದ್ದವರು ಅನ್ನುವುದನ್ನು ಮರೆಯಬೇಡಿ.

ನನ್ನ ಚಿಕ್ಕಮ್ಮನ ಜೊತೆ ಆಸ್ಪತ್ರೆ ಅಲೆಯುವಾಗ ನನಗೆ ಒಂದು ವಿಷಯ ಅರ್ಥವಾಯಿತು. ಅವರು ನನಗೆ ತಿಳಿಯದಂತೆ ಒಂದು ಟಾನಿಕ್ ತರಿಸಿಕೊಂಡಿದ್ದರು. ಓದಿದವರು, ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು, ಯಾರ ಮಾತಿಗೂ ಸುಲಭಕ್ಕೆ ಬೀಳುವವರಲ್ಲ. ಯಾಕೆ ಅಂತ ಕೇಳಿದೆ. ‘ಅವನೊಬ್ಬನೇ ಕಣೋ, ನನಗೆ ನಿದ್ದೆ ಬರ್ತಿದೆಯಾ ಅಂತ ಕೇಳಿದ್ದು’ ಅಂದರು. ಡಾಕ್ಟರ್ ಅವತ್ತು ಆರು ನಿಮಿಷ ಮಾತಾಡಿದ್ದರು, ಅದರಲ್ಲಿ ಅರ್ಧ ಕಂಪ್ಯೂಟರ್ ನೋಡಿಕೊಂಡು. ಟಾನಿಕ್ ಮಾರುವವನು ಫೋನಿನಲ್ಲಿ ಒಂದು ಗಂಟೆ ಮಾತಾಡಿದ್ದ.

ಸುಳ್ಳು ಮದ್ದು ಮಾರುವವರ ನಿಜವಾದ ಸರಕು ಬಾಟಲಿಯೊಳಗೆ ಇರುವುದಿಲ್ಲ. ಕೇಳುವ ಕಿವಿ, ‘ಗುಣ ಆಗೇ ಆಗುತ್ತೆ’ ಅನ್ನುವ ಒಂದು ಗಟ್ಟಿ ಮಾತು, ಇಷ್ಟನ್ನೇ ಅವರು ಮಾರುವುದು. ಹಾಗಾಗಿ ‘ಅದೆಲ್ಲ ಮೋಸ’ ಅಂತ ಬೈದರೆ ಕೆಲಸ ಆಗುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ರೋಗಿಯೂ ಓದಬಹುದು, ಮನೆಯವರೂ ಓದಬಹುದು. ಒಟ್ಟಿಗೆ ಕೂತು ಓದಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 1: ಅದೇ ದಿನ ಏನನ್ನೂ ಒಪ್ಪಬೇಡಿ

ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ. ಹೊಸ ಮದ್ದು, ಹೊಸ ಕ್ಲಿನಿಕ್, ಹೊಸ ಪ್ಯಾಕೇಜ್ ಏನೇ ಬಂದರೂ ಕೇಳಿದ ದಿನವೇ ದುಡ್ಡು ಕಟ್ಟುವಂತಿಲ್ಲ. ಮೂರು ದಿನ ಕಾಯಬೇಕು.

ಕ್ಯಾನ್ಸರ್‌ನಲ್ಲಿ ಕಾಯುವುದು ಸರಿಯಾ ಅಂತ ಭಯ ಆಗುವುದು ಸಹಜ. ಹೆಚ್ಚಿನ ಗಡ್ಡೆಗಳಲ್ಲಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ಒಂದೆರಡು ವಾರ ತೆಗೆದುಕೊಂಡರೆ ತೊಂದರೆ ಇಲ್ಲ. ಎಷ್ಟು ದಿನ ಕಾಯಬಹುದು ಅಂತ ನಿಮ್ಮ ಡಾಕ್ಟರನ್ನೇ ನೇರವಾಗಿ ಕೇಳಿ. ಆದರೆ ಕೆಲವು ಸಂದರ್ಭಗಳಲ್ಲಿ ಒಂದು ದಿನವೂ ತಡ ಮಾಡುವಂತಿಲ್ಲ: ತೀವ್ರ ರೂಪದ ರಕ್ತ ಕ್ಯಾನ್ಸರ್, ಇದ್ದಕ್ಕಿದ್ದಂತೆ ಕಾಲಲ್ಲಿ ಬಲ ಹೋಗುವುದು, ನಿಲ್ಲದ ರಕ್ತಸ್ರಾವ, ಕೀಮೋ ನಡೆಯುತ್ತಿರುವಾಗ ಬರುವ ಜ್ವರ. ಇವಕ್ಕೆ ನೇರ ಆಸ್ಪತ್ರೆಗೆ ಓಡಿ.

ಮಾರುವವರ ಅವಸರವನ್ನು ಗಮನಿಸಿ, ತಮಾಷೆಯಾಗಿರುತ್ತದೆ. ದುಡ್ಡು ಕಟ್ಟಲು ‘ಇವತ್ತೇ ಕೊನೆ ದಿನ’. ಫಲ ಕಾಣಲು ಮಾತ್ರ ‘ತಾಳ್ಮೆ ಇರಲಿ, ಆರು ತಿಂಗಳು ಬೇಕು’.

ಫೋನ್ ಕರೆಗಳನ್ನು ಎದುರಿಸಲು ಮನೆಯಲ್ಲಿ ಒಬ್ಬರನ್ನು ನೇಮಿಸಿ. ಎಲ್ಲ ಸಲಹೆಗಳೂ ಅವರ ಮೂಲಕವೇ ಬರಲಿ. ಅವರು ಹೇಳಬೇಕಾದ್ದು ಇಷ್ಟೇ: ‘ನೀವು ನೆನಪಿಟ್ಟುಕೊಂಡು ಹೇಳಿದ್ದಕ್ಕೆ ತುಂಬಾ ಸಂತೋಷ. ಬರೆದಿಟ್ಟುಕೊಂಡಿದ್ದೇವೆ, ಡಾಕ್ಟರ್ ಹತ್ತಿರ ಕೇಳ್ತೇವೆ.’ ವಾದ ಮಾಡುವ ಅಗತ್ಯ ಇಲ್ಲ. ಕಾಯಿಲೆಯ ಮನುಷ್ಯನಿಗೆ ದಿನಕ್ಕೆ ಹತ್ತು ಜನರ ಹತ್ತು ಮದ್ದಿನ ಕಥೆ ಕೇಳುವ ಹಿಂಸೆಯೂ ತಪ್ಪುತ್ತದೆ.

ಹೆಜ್ಜೆ 2: ಕಾಯಿಲೆಯ ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ

ಕ್ಯಾನ್ಸರ್ ಅನ್ನುವುದು ಒಂದು ಕಾಯಿಲೆ ಅಲ್ಲ. ನೂರಕ್ಕಿಂತ ಹೆಚ್ಚು ಬೇರೆಬೇರೆ ಕಾಯಿಲೆಗಳಿಗೆ ಇಟ್ಟ ಒಂದೇ ಹೆಸರು. ವೃಷಣದ ಕ್ಯಾನ್ಸರ್ ಬೇರೆ ಕಡೆ ಹರಡಿದ್ದರೂ ಬಹಳಷ್ಟು ಸಲ ಪೂರ್ತಿ ಗುಣವಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತ ಕ್ಯಾನ್ಸರ್, ಒಳ್ಳೆಯ ಚಿಕಿತ್ಸಾ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ವಾಸಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇವತ್ತಿಗೂ ಕಷ್ಟವೇ. ಒಂದೇ ಬಾಟಲಿ ಇವೆಲ್ಲವನ್ನೂ ಓಡಿಸುತ್ತದೆ ಅನ್ನುವವನಿಗೆ ತಾನು ಏನನ್ನು ಓಡಿಸುತ್ತಿದ್ದೇನೆ ಅಂತಲೇ ಗೊತ್ತಿಲ್ಲ.

ಒಂದು ನೋಟ್‌ಬುಕ್ ಇಡಿ. ಡಾಕ್ಟರ್ ಹತ್ತಿರ ಇವನ್ನು ಕೇಳಿ, ಅವರ ಮುಂದೆಯೇ ಬರೆದುಕೊಳ್ಳಿ:

- ಯಾವ ಅಂಗದಲ್ಲಿ ಶುರುವಾಗಿದೆ, ಯಾವ ಬಗೆಯ ಜೀವಕೋಶ?
- ಯಾವ ಸ್ಟೇಜ್? ಬಯಾಪ್ಸಿ ಆಗಿದೆಯಾ?
- ಚಿಕಿತ್ಸೆಯ ಉದ್ದೇಶ ಪೂರ್ತಿ ಗುಣಪಡಿಸುವುದೋ, ಹಿಡಿತದಲ್ಲಿಡುವುದೋ, ನೋವು ಕಮ್ಮಿ ಮಾಡುವುದೋ?
- ಈ ಚಿಕಿತ್ಸೆ ತೆಗೆದುಕೊಂಡರೆ ಸಿಗುವ ಲಾಭ ಎಷ್ಟು, ತೆಗೆದುಕೊಳ್ಳದಿದ್ದರೆ ಏನಾಗಬಹುದು?

ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಬಹಳ ಮನೆಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಡಾಕ್ಟರೂ ಬಿಡಿಸಿ ಹೇಳುವುದಿಲ್ಲ. ಆ ಖಾಲಿ ಜಾಗಕ್ಕೇ ಮದ್ದು ಮಾರುವವನು ಬಂದು ಕೂರುವುದು.

ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ಹಿಂಜರಿಯಬೇಡಿ. ಒಳ್ಳೆಯ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಬಿಳಿ ಕೋಟಿನೊಳಗೂ ಕಳ್ಳರಿರುತ್ತಾರೆ. ಅಮೆರಿಕದ ಮಿಚಿಗನ್‌ನಲ್ಲಿ ಒಬ್ಬ ಕ್ಯಾನ್ಸರ್ ತಜ್ಞ, ಕ್ಯಾನ್ಸರೇ ಇಲ್ಲದವರಿಗೂ ಕೀಮೋ ಕೊಟ್ಟು ದುಡ್ಡು ಮಾಡಿದ. 2015ರಲ್ಲಿ ಅವನಿಗೆ 45 ವರ್ಷ ಜೈಲಾಯಿತು. ಪದವಿ ನೋಡಿ ಸುಮ್ಮನಾಗದೆ ಪುರಾವೆ ಕೇಳುವ ಅಭ್ಯಾಸ ಎರಡೂ ಕಡೆ ಇರಲಿ.

ಹೆಜ್ಜೆ 3: ಮಾರುವವರ ಮಾತನ್ನು ಕಿವಿಗೊಟ್ಟು ಕೇಳಿ

ಹೌದು, ಕೇಳಿ. ಸುಳ್ಳು ಮದ್ದಿನ ಮಾತುಗಳು ನೂರು ವರ್ಷದಿಂದ ಹೆಚ್ಚು ಬದಲಾಗಿಲ್ಲ. ಐದಾರು ವಾಕ್ಯ ಗುರುತು ಹಿಡಿದುಕೊಂಡರೆ ಸಾಕು.

*‘ಇದು ನಮ್ಮ ಮನೆತನದ ಗುಟ್ಟು.’* ಅಮೆರಿಕದಲ್ಲಿ ಹ್ಯಾರಿ ಹಾಕ್ಸಿ ಅನ್ನುವವನಿದ್ದ. ವೈದ್ಯಕೀಯ ಓದಿದವನಲ್ಲ. ತನ್ನ ಮುತ್ತಜ್ಜನ ಕುದುರೆಗೆ ಕಾಲಲ್ಲಿ ಗಡ್ಡೆ ಎದ್ದಿತ್ತಂತೆ, ಅದು ಯಾವುದೋ ಗಿಡ ಮೇಯ್ದು ವಾಸಿಯಾಯಿತಂತೆ. ಆ ಗಿಡಗಳ ಕಷಾಯವೇ ತನ್ನ ಮದ್ದು ಅನ್ನುತ್ತಿದ್ದ. ಕುದುರೆಗೆ ಕ್ಯಾನ್ಸರೇ ಇತ್ತು ಅಂತ ಯಾರು ಹೇಳಿದರು? ಯಾರೂ ಕೇಳಲಿಲ್ಲ, ಸಾವಿರಾರು ಜನ ದುಡ್ಡು ಸುರಿದರು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಅಂದರೆ ಎಫ್‌ಡಿಎ, ಕೊನೆಗೆ ಅಂಚೆ ಕಚೇರಿಗಳಲ್ಲಿ ‘ಸಾರ್ವಜನಿಕರೇ ಎಚ್ಚರ’ ಅಂತ ಪೋಸ್ಟರ್ ಅಂಟಿಸಬೇಕಾಯಿತು. 1960ರಲ್ಲಿ ಅಮೆರಿಕದಲ್ಲಿ ಆ ಮದ್ದಿನ ಮಾರಾಟ ನಿಂತಿತು. ಇಷ್ಟಾಗಿ, 1967ರಲ್ಲಿ ಹಾಕ್ಸಿಗೇ ಪ್ರೊಸ್ಟೇಟ್ ಕ್ಯಾನ್ಸರ್ ಬಂತು. ತನ್ನ ಕಷಾಯ ಕುಡಿದು ನೋಡಿದ, ಆಗಲಿಲ್ಲ. ಕೊನೆಗೆ ಆಪರೇಷನ್ ಮಾಡಿಸಿಕೊಂಡ.

ನಿಜವಾದ ಔಷಧಿಯ ಒಳಗೆ ಏನಿದೆ, ಎಷ್ಟಿದೆ ಅಂತ ಯಾರು ಬೇಕಾದರೂ ಓದಬಹುದು. ಗುಟ್ಟಾಗಿ ಇಟ್ಟಿದ್ದಾರೆ ಅಂದರೆ ತೋರಿಸಲು ಏನೂ ಇಲ್ಲದಿರಬಹುದು. 1951ರಲ್ಲಿ ಕ್ರೆಬಿಯೋಜೆನ್ ಅನ್ನುವ ಇಂಜೆಕ್ಷನ್ ಭಾರೀ ಸುದ್ದಿ ಮಾಡಿತು. ಕುದುರೆಯ ರಕ್ತದಿಂದ ತೆಗೆದ ಅಮೂಲ್ಯ ವಸ್ತು ಅಂದರು. 1963ರಲ್ಲಿ ಎಫ್‌ಡಿಎ ಪರೀಕ್ಷೆ ಮಾಡಿದಾಗ ಅದರಲ್ಲಿ ಸಿಕ್ಕಿದ್ದು ಕ್ರಿಯಾಟಿನ್, ನಮ್ಮೆಲ್ಲರ ಮಾಂಸಖಂಡಗಳಲ್ಲಿ ಇರುವ ಮಾಮೂಲಿ ವಸ್ತು. ಅದನ್ನು ಎಣ್ಣೆಯಲ್ಲಿ ಕದಡಿದ್ದರು.

*‘ಇದು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ.’* ಲೇಟ್ರಿಲ್ ಅನ್ನುವುದನ್ನು ‘ವಿಟಮಿನ್ ಬಿ17’ ಅಂತ ಇವತ್ತಿಗೂ ಮಾರುತ್ತಾರೆ. ಅದು ವಿಟಮಿನ್ನೇ ಅಲ್ಲ. ಏಪ್ರಿಕಾಟ್ ಬೀಜದ ತಿರುಳಿನಲ್ಲಿರುವ ಅಮಿಗ್ಡಾಲಿನ್‌ಗೆ ಹತ್ತಿರದ ವಸ್ತು, ಹೊಟ್ಟೆಗೆ ಹೋದರೆ ಒಡೆದು ಸೈನೈಡ್ ಆಗುತ್ತದೆ. 1982ರಲ್ಲಿ 178 ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ನೋಡಿದರು. ಯಾರಿಗೂ ಗುಣವಾಗಲಿಲ್ಲ. ಕೆಲವರ ರಕ್ತದಲ್ಲಿ ಸೈನೈಡ್ ಅಪಾಯದ ಮಟ್ಟಕ್ಕೆ ಏರಿತ್ತು. ಹಾಲಿವುಡ್ ನಟ ಸ್ಟೀವ್ ಮೆಕ್‌ಕ್ವೀನ್ ಕೂಡ ಇದೇ ಮದ್ದನ್ನು ಹುಡುಕಿಕೊಂಡು ಮೆಕ್ಸಿಕೋಗೆ ಹೋಗಿದ್ದರು. 1980ರಲ್ಲಿ ಅಲ್ಲೇ ತೀರಿಕೊಂಡರು.

*‘ದೊಡ್ಡ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ, ಗಿಡಮೂಲಿಕೆಯಲ್ಲಿ ಲಾಭ ಇಲ್ಲವಲ್ಲ.’* ಔಷಧ ಕಂಪನಿಗಳು ಲಾಭಕೋರರು ಅನ್ನುವುದು ನಿಜವೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಲಾಭಕೋರರು ಕೆಲಸ ಮಾಡುವ ಮದ್ದನ್ನು ಮುಚ್ಚಿಡುವುದಿಲ್ಲ, ಮಾರುತ್ತಾರೆ. ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು, ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಕೊಡುತ್ತಾರೆ. ಪೆಸಿಫಿಕ್ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ಅನ್ನುವ ಕ್ಯಾನ್ಸರ್ ಮದ್ದು ಬಂತು. ಹಳೇ ಕಾಲದ ವಿಷ ಅಂತ ಎಲ್ಲರೂ ಬಲ್ಲ ಪಾಷಾಣ, ಅಂದರೆ ಆರ್ಸೆನಿಕ್, ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಅದ್ಭುತವಾಗಿ ಕೆಲಸ ಮಾಡುತ್ತದೆ ಅಂತ ಸಾಬೀತಾದಾಗ 2000ದಲ್ಲಿ ಅದಕ್ಕೂ ಅನುಮತಿ ಸಿಕ್ಕಿತು. ಬೇರು ಎಲ್ಲಿಯದು ಅಂತ ಯಾರೂ ನೋಡಲಿಲ್ಲ. ಫಲ ಸಾಬೀತಾಯಿತಾ ಅಂತ ನೋಡಿದರು.

*‘ಜಾಸ್ತಿ ನೋವಾದರೆ ಹೆದರಬೇಡಿ, ವಿಷ ಹೊರಗೆ ಹೋಗ್ತಿದೆ.’* ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಮಾತು ಇದು. ಅಪಾಯದ ಗಂಟೆಯನ್ನೇ ಶುಭಸೂಚನೆ ಅಂತ ತಿರುಗಿಸಿಬಿಡುತ್ತದೆ. ‘ಬ್ಲ್ಯಾಕ್ ಸಾಲ್ವ್’ ಅನ್ನುವ ಕಪ್ಪು ಮುಲಾಮನ್ನು ಚರ್ಮದ ಕ್ಯಾನ್ಸರ್‌ಗೆ ಹಚ್ಚುತ್ತಾರೆ. ಅದು ಚರ್ಮವನ್ನು ಸುಟ್ಟು ಕಪ್ಪು ಹೊಪ್ಪಳೆ ಎಬ್ಬಿಸುತ್ತದೆ. ಹೊಪ್ಪಳೆ ಬಿದ್ದಾಗ ‘ಕ್ಯಾನ್ಸರ್ ಉದುರಿತು’ ಅನ್ನುತ್ತಾರೆ. ಅಡಿಯಲ್ಲಿ ಗಡ್ಡೆ ಬೆಳೆಯುತ್ತಲೇ ಇರಬಹುದು. ‘ಮಿರಾಕಲ್ ಮಿನರಲ್’ ಅಂತ ಮಾರುವ ದ್ರಾವಣವೂ ಹೀಗೇ. ಆಮ್ಲ ಸೇರಿಸಿದರೆ ಅದು ಬಟ್ಟೆ, ಕಾಗದ ಬಿಳಿ ಮಾಡುವ ಬ್ಲೀಚ್ ಆಗುತ್ತದೆ. ಕುಡಿದವರಿಗೆ ವಾಂತಿ ಭೇದಿ ಆಗದೇ ಇರುತ್ತದಾ? ಅದನ್ನೇ ಶುದ್ಧಿ ಅಂದರು. ಇದನ್ನು ಚರ್ಚಿನ ಹೆಸರಿನಲ್ಲಿ ಮಾರಿದ ಅಮೆರಿಕದ ಒಂದು ಕುಟುಂಬದ ತಂದೆ ಮತ್ತು ಮೂವರು ಗಂಡುಮಕ್ಕಳಿಗೆ 2023ರಲ್ಲಿ ಜೈಲು ಶಿಕ್ಷೆ ಆಯಿತು.

*‘ದೇಹವನ್ನು ಕ್ಷಾರ ಮಾಡಿದರೆ ಕ್ಯಾನ್ಸರ್ ಬದುಕಲ್ಲ.’* ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ಒಳಗೇ ಇರುವಂತೆ ಶ್ವಾಸಕೋಶ, ಮೂತ್ರಪಿಂಡ ಸೇರಿ ನೋಡಿಕೊಳ್ಳುತ್ತವೆ. ಏನು ತಿಂದರೂ ಅದು ಜರುಗುವುದಿಲ್ಲ, ಜರುಗಿದರೆ ನೀವು ಐಸಿಯುನಲ್ಲಿ ಇರುತ್ತೀರಿ.

ಕೊನೆಯದಾಗಿ, ‘ಕೀಮೋ ನಿಲ್ಲಿಸಿ, ಎರಡೂ ಒಟ್ಟಿಗೆ ಆಗಲ್ಲ.’ ಈ ಒಂದು ವಾಕ್ಯ ಬಂದರೆ ಉಳಿದದ್ದನ್ನು ಕೇಳಬೇಡಿ. ಫೋನ್ ಇಡಿ.

ಹೆಜ್ಜೆ 4: ಗುಣವಾದವರ ಕಥೆಗೆ ನಾಲ್ಕು ಪ್ರಶ್ನೆ ಹಾಕಿ

ಅಂಕಿಅಂಶ ಎಷ್ಟು ಹೇಳಿದರೂ, ‘ನಾನೇ ಕಣ್ಣಾರೆ ನೋಡಿದ್ದೇನೆ’ ಅನ್ನುವ ಮಾತಿನ ಮುಂದೆ ಅದು ನಿಲ್ಲುವುದಿಲ್ಲ. ಹಾಗಾಗಿ ಕಥೆಯನ್ನೇ ಬಿಡಿಸಿ ನೋಡಬೇಕು.

ಮೊದಲನೆಯದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಖಚಿತವಾಗಿತ್ತಾ? ‘ಗಂಟು ಇತ್ತು, ಕರಗಿತು’ ಅನ್ನುವುದು ಕ್ಯಾನ್ಸರ್ ಅಲ್ಲ. ತಾವಾಗಿಯೇ ಕರಗುವ ಗಂಟುಗಳು ಬೇಕಾದಷ್ಟಿವೆ.

ಎರಡನೆಯದು, ಅದರ ಜೊತೆಗೆ ಅಥವಾ ಮುಂಚೆ ಬೇರೆ ಚಿಕಿತ್ಸೆ ಏನಾದರೂ ಆಗಿತ್ತಾ? ಹೆಚ್ಚಿನ ಕಥೆಗಳ ಗಂಟು ಬಿಚ್ಚುವುದು ಇಲ್ಲೇ. ಆಪರೇಷನ್ ಮಾಡಿ ಗಡ್ಡೆ ಪೂರ್ತಿ ತೆಗೆದಿರುತ್ತಾರೆ. ಮತ್ತೆ ಬರದಿರಲಿ ಅಂತ ಕೀಮೋ ತೆಗೆದುಕೊಳ್ಳಿ ಅಂದಿರುತ್ತಾರೆ. ರೋಗಿ ಅದನ್ನು ಬಿಟ್ಟು ಕಷಾಯ ಕುಡಿಯುತ್ತಾರೆ, ಬದುಕುತ್ತಾರೆ. ಕಥೆ ಹೇಳುವಾಗ ‘ಕೀಮೋ ಬೇಡ ಅಂದೆ, ಕಷಾಯದಲ್ಲಿ ಗುಣವಾದೆ’ ಆಗುತ್ತದೆ. ಗಡ್ಡೆ ತೆಗೆದ ಕತ್ತಿಯ ಹೆಸರೇ ಇಲ್ಲ! ಅವರು ಸುಳ್ಳು ಹೇಳುತ್ತಿಲ್ಲ, ಹಾಗೇ ನಂಬಿದ್ದಾರೆ.

ಮೂರನೆಯದು, ಅದೆಲ್ಲ ಆಗಿ ಎಷ್ಟು ವರ್ಷವಾಯಿತು, ಅವರು ಈಗ ಹೇಗಿದ್ದಾರೆ? ವಿಡಿಯೋ ತೆಗೆದ ದಿನ ಚೆನ್ನಾಗಿದ್ದವರು ಆಮೇಲೆ ಏನಾದರು ಅನ್ನುವುದನ್ನು ಆ ವಿಡಿಯೋ ಹಾಕಿದವರು ಹೇಳುವುದಿಲ್ಲ. ನಿಧಾನಕ್ಕೆ ಬೆಳೆಯುವ ಕೆಲವು ಕ್ಯಾನ್ಸರ್‌ಗಳಲ್ಲಿ ಏನೂ ಮಾಡದಿದ್ದರೂ ವರ್ಷಗಟ್ಟಲೆ ಓಡಾಡಿಕೊಂಡಿರಬಹುದು.

ನಾಲ್ಕನೆಯದನ್ನು ಮಾರುವವನಿಗೇ ಕೇಳಿ: ಗುಣವಾಗದವರು ಎಷ್ಟು ಜನ? ಅವರ ಲೆಕ್ಕ ಇಟ್ಟಿದ್ದೀರಾ? ಸತ್ತವರು ಬಂದು ದೂರು ಹೇಳುವುದಿಲ್ಲ. ಅದೇ ಈ ವ್ಯಾಪಾರದ ದೊಡ್ಡ ಅನುಕೂಲ.

ಕಥೆ ಬುಡದಿಂದಲೇ ಸುಳ್ಳಾಗಿರುವುದೂ ಉಂಟು. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್, ತನಗೆ ಮೆದುಳಿನ ಕ್ಯಾನ್ಸರ್ ಇತ್ತು, ಊಟದ ಪಥ್ಯದಿಂದ ಅದನ್ನು ಎದುರಿಸುತ್ತಿದ್ದೇನೆ ಅಂತ ಹೇಳಿ ಆ್ಯಪ್ ಮಾಡಿದಳು, ಅಡುಗೆ ಪುಸ್ತಕ ಬರೆದಳು, ಲಕ್ಷಾಂತರ ಜನರ ಮೆಚ್ಚುಗೆ ಗಳಿಸಿದಳು. 2015ರಲ್ಲಿ ತನಗೆ ಕ್ಯಾನ್ಸರೇ ಇರಲಿಲ್ಲ ಅಂತ ಒಪ್ಪಿಕೊಂಡಳು. 2017ರಲ್ಲಿ ಕೋರ್ಟು 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಹೆಜ್ಜೆ 5: ‘ಸಂಶೋಧನೆಯಲ್ಲಿ ಸಾಬೀತಾಗಿದೆ’ ಅಂದರೆ ಯಾವುದರ ಮೇಲೆ ಅಂತ ಕೇಳಿ

ಗಾಜಿನ ತಟ್ಟೆಯಲ್ಲಿಟ್ಟ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ದೊಡ್ಡ ಸಾಹಸ ಅಲ್ಲ. ಉಪ್ಪು, ವಿನಿಗರ್ ಕೂಡ ಕೊಲ್ಲುತ್ತವೆ. ಆಮೇಲೆ ಇಲಿ. ಇಲಿಯಲ್ಲಿ ಗೆದ್ದ ಮದ್ದುಗಳಲ್ಲಿ ಬಹುಪಾಲು ಮನುಷ್ಯನಲ್ಲಿ ಸೋಲುತ್ತವೆ. ನಾವು ಹುಡುಕಬೇಕಾದ್ದು ಒಂದನ್ನೇ: ನಿಮ್ಮದೇ ಬಗೆಯ ಕ್ಯಾನ್ಸರ್ ಇರುವ ಮನುಷ್ಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಮದ್ದು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಯಾರು ಜಾಸ್ತಿ ದಿನ ಬದುಕಿದರು ಅಂತ ನೋಡಿದ್ದಾರಾ?

ಶಾರ್ಕ್ ಮೀನಿಗೆ ಕ್ಯಾನ್ಸರ್ ಬರುವುದಿಲ್ಲ ಅಂತ ಒಂದು ಕಾಲಕ್ಕೆ ಗುಲ್ಲೆದ್ದು, ಶಾರ್ಕ್‌ನ ಮೆದುಮೂಳೆಯ ಪುಡಿ ಹೇರಳವಾಗಿ ಮಾರಾಟವಾಯಿತು. ಶಾರ್ಕ್‌ಗೂ ಕ್ಯಾನ್ಸರ್ ಬರುತ್ತದೆ, ಅದು ಬೇರೆ ಮಾತು. ಅದರ ಸಾರವನ್ನು 379 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಹೀಗೆ ಎರಡು ಗುಂಪು ಮಾಡಿ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಯಸ್ಸು ಒಂದು ದಿನವೂ ಹೆಚ್ಚಲಿಲ್ಲ ಅನ್ನಬಹುದು.

ಹೇಳಿದವರ ಹೆಸರು ಎಷ್ಟೇ ದೊಡ್ಡದಿರಲಿ, ಈ ಪ್ರಶ್ನೆ ಬಿಡಬೇಡಿ. ಲೈನಸ್ ಪೌಲಿಂಗ್ ಎರಡು ನೊಬೆಲ್ ಪಡೆದ ಮಹಾ ವಿಜ್ಞಾನಿ. ವಿಟಮಿನ್ ಸಿ ಹೆಚ್ಚು ತಗೊಂಡರೆ ಕ್ಯಾನ್ಸರ್ ರೋಗಿಗಳು ಜಾಸ್ತಿ ಬದುಕುತ್ತಾರೆ ಅಂದರು. ಮೇಯೋ ಕ್ಲಿನಿಕ್‌ನವರು 1979ರಲ್ಲಿ ಒಮ್ಮೆ, 1985ರಲ್ಲಿ ಮತ್ತೊಮ್ಮೆ ಬಾಯಿಂದ ಕೊಟ್ಟು ಪರೀಕ್ಷಿಸಿದರು. ಎರಡು ಸಲವೂ ಲಾಭ ಕಾಣಲಿಲ್ಲ.

ನೀವೇ ಹುಡುಕುವುದಾದರೆ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸೆಂಟರ್‌ನ ‘ಅಬೌಟ್ ಹರ್ಬ್ಸ್’ ಅನ್ನುವ ಜಾಲತಾಣ ಎಲ್ಲರಿಗೂ ಉಚಿತ. ಗಿಡಮೂಲಿಕೆಯ ಹೆಸರು ಹಾಕಿದರೆ ಪುರಾವೆ ಏನಿದೆ, ಯಾವ ಮಾತ್ರೆಯ ಜೊತೆ ಜಗಳವಾಡುತ್ತದೆ ಎಲ್ಲ ಸಿಗುತ್ತದೆ. ‘ಇದು ಕ್ಲಿನಿಕಲ್ ಟ್ರಯಲ್, ರೋಗಿಗಳ ಮೇಲೆ ನಡೆಯುವ ಪ್ರಯೋಗ’ ಅಂದರೆ ನೋಂದಣಿ ಸಂಖ್ಯೆ ಕೇಳಿ, ನಿಮ್ಮ ಡಾಕ್ಟರ್‌ಗೆ ತೋರಿಸಿ. ನೋಂದಣಿ ಆಗಿದೆ ಅಂದಮಾತ್ರಕ್ಕೆ ಸರಕಾರ ಒಪ್ಪಿದೆ ಅಂತಲ್ಲ, ಅದನ್ನೂ ತೋರಿಸಿ ಟೋಪಿ ಹಾಕುವವರಿದ್ದಾರೆ. ಪ್ರಯೋಗದ ಮದ್ದಿಗೆ ರೋಗಿಯಿಂದಲೇ ದೊಡ್ಡ ಮೊತ್ತ ಕೇಳಿದರೆ ಅಲ್ಲೇ ಅನುಮಾನ ಬರಬೇಕು.

ಹೆಜ್ಜೆ 6: ದುಡ್ಡಿನ ದಾರಿ ನೋಡಿ

ಈ ಹೆಜ್ಜೆ ಚಿಕ್ಕದು. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕಾ? ರಸೀದಿ ಕೊಡುತ್ತಾರಾ? ರಸೀದಿಯಲ್ಲಿ ‘ಕ್ಯಾನ್ಸರ್ ಚಿಕಿತ್ಸೆ’ ಅಂತ ಬರೆಯುತ್ತಾರಾ, ‘ಆರೋಗ್ಯ ಪೂರಕ’ ಅಂತಲಾ? ಬಾಯಲ್ಲಿ ಗುಣ, ಕಾಗದದಲ್ಲಿ ಪೂರಕ ಅಂದರೆ ಅವರ ವಕೀಲರಿಗೆ ಸತ್ಯ ಗೊತ್ತಿದೆ ಅಂತ ಅರ್ಥ. ನಿಮ್ಮನ್ನು ನೋಡದೆ, ರಿಪೋರ್ಟ್ ಓದದೆ ಮದ್ದು ಕಳಿಸುವವರಿಗೆ ಒಂದು ಕಾಸೂ ಬೇಡ. ಸಾಲ ಮಾಡಿ, ಮನೆ ಮಾರಿ ಅಂದರಂತೂ ಮನೆಯ ಹೊರಗಿನ ಒಬ್ಬ ನಂಬಿಕಸ್ಥರಿಗೆ ಕಾಗದ ತೋರಿಸದೆ ಮುಂದೆ ಹೋಗಬೇಡಿ.

ಹೆಜ್ಜೆ 7: ತಗೊಳ್ಳುತ್ತಿದ್ದರೆ ಡಾಕ್ಟರ್‌ಗೆ ಹೇಳಿ

ಬೈಯುತ್ತಾರೆ ಅಂತ ಮುಚ್ಚಿಡುತ್ತೇವೆ. ಆದರೆ ಸೇಂಟ್ ಜಾನ್ಸ್ ವರ್ಟ್ ಅನ್ನುವ, ಮನಸ್ಸಿನ ಬೇಸರಕ್ಕೆ ತಗೊಳ್ಳುವ ಮೂಲಿಕೆ ಇಮಾಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆಯನ್ನು ದೇಹದಿಂದ ಬೇಗ ಹೊರಗೆ ಹಾಕಿಸಿಬಿಡುತ್ತದೆ. ರೋಗಿ ಮಾತ್ರೆ ನುಂಗುತ್ತಲೇ ಇರುತ್ತಾರೆ, ಮಾತ್ರೆ ಕೆಲಸ ಮಾಡುತ್ತಿರುವುದಿಲ್ಲ. ಅರಿಸ್ಟೊಲೋಕಿಯಾ ಜಾತಿಯ ಬಳ್ಳಿಗಳು ಮೂತ್ರಪಿಂಡ ಕೆಡಿಸುತ್ತವೆ, ತಾವೇ ಮೂತ್ರನಾಳದ ಕ್ಯಾನ್ಸರ್ ತರುತ್ತವೆ. ಕೇಳುವಾಗ ‘ತಗೊಳ್ಳಬಹುದಾ?’ ಅನ್ನುವುದಕ್ಕಿಂತ ‘ಇದನ್ನು ತಗೊಳ್ತಿದ್ದೇನೆ, ಯಾವುದಕ್ಕಾದರೂ ಅಡ್ಡಿಯಾಗುತ್ತಾ?’ ಅನ್ನಿ. ಉತ್ತರ ಬೇಗ ಸಿಗುತ್ತದೆ.

ಒಂದು ಮಾತು. ಯೋಗ, ಧ್ಯಾನ, ಪ್ರಾರ್ಥನೆ, ಮಸಾಜ್, ಸಂಗೀತ ಇವನ್ನೆಲ್ಲ ನಾನು ಈ ಸಾಲಿಗೆ ಸೇರಿಸುತ್ತಿಲ್ಲ. ಚಿಕಿತ್ಸೆಯ ಜೊತೆಗೆ ಇದ್ದು ನಿದ್ದೆ, ಆತಂಕ, ವಾಕರಿಕೆಗೆ ಸಮಾಧಾನ ಕೊಟ್ಟರೆ ಒಳ್ಳೆಯದೇ. ಗಡ್ಡೆ ಕರಗಿಸುತ್ತೇನೆ ಅಂದ ಕೂಡಲೇ ಅದು ಬೇರೆ ವ್ಯವಹಾರ.

ಹೆಜ್ಜೆ 8: ಮನೆಯವರು ಆ ಕಡೆ ವಾಲಿದರೆ

ಕೂಗಾಡಬೇಡಿ. ನಾನು ಕೂಗಾಡಿದೆ. ಚಿಕ್ಕಮ್ಮ ಬಾಟಲಿಯನ್ನು ಅಲ್ಮೇರಾದಲ್ಲಿ ಸೀರೆಗಳ ಹಿಂದೆ ಇಟ್ಟರು, ಅಷ್ಟೇ ಆದ ಲಾಭ.

ಅದರ ಬದಲು ಕೇಳಿ: ‘ಕೀಮೋದಲ್ಲಿ ನಿಮಗೆ ಎಲ್ಲಕ್ಕಿಂತ ಭಯ ಯಾವುದರದ್ದು?’ ಕೂದಲು ಹೋಗುವುದು, ವಾಂತಿ, ಯಾರಿಗೋ ಹೊರೆಯಾಗುವುದು, ಆಸ್ಪತ್ರೆಯ ವಾಸನೆ ಹೀಗೆ ಏನಾದರೂ ಇರುತ್ತದೆ. ಹೆಚ್ಚಿನವಕ್ಕೆ ದಾರಿ ಇದೆ. ವಾಂತಿಗೆ ಇವತ್ತು ಒಳ್ಳೆಯ ಮಾತ್ರೆಗಳಿವೆ, ಇಪ್ಪತ್ತು ಮೂವತ್ತು ವರ್ಷದ ಹಿಂದೆ ಯಾರದ್ದೋ ಕೀಮೋ ನೋಡಿದವರಿಗೆ ಅದು ಗೊತ್ತಿರುವುದಿಲ್ಲ. ನಿಜವಾದ ಭಯ ಗೊತ್ತಾದರೆ ಡಾಕ್ಟರ್ ಹತ್ತಿರ ಅದನ್ನೇ ಕೇಳಬಹುದು.

ಒಪ್ಪದಿದ್ದರೆ ಒಂದು ಒಪ್ಪಂದ ಮಾಡಿಕೊಳ್ಳಿ. ಆಸ್ಪತ್ರೆ ಚಿಕಿತ್ಸೆ ನಿಲ್ಲಬಾರದು, ಡಾಕ್ಟರ್ ‘ಅಪಾಯ ಇಲ್ಲ’ ಅಂದದ್ದನ್ನು ಮಾತ್ರ ತಗೊಳ್ಳಬೇಕು, ಇಂಥ ದಿನ ಸ್ಕ್ಯಾನ್ ಮಾಡಿಸಬೇಕು, ಗಡ್ಡೆ ಬೆಳೆದಿದ್ದರೆ ಮತ್ತೆ ಕೂತು ಮಾತಾಡಬೇಕು. ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮಾರುವವನು ‘ಸ್ಕ್ಯಾನ್ ಬೇಡ, ನಂಬಿಕೆ ಇಡಿ’ ಅಂದರೆ ಆ ಮಾತೇ ಅವರ ಕಣ್ಣು ತೆರೆಸಬಹುದು.

ತಿಳಿದವರು, ಉಳ್ಳವರು ಬೀಳುವುದಿಲ್ಲ ಅನ್ನುವುದು ಸುಳ್ಳು. ಆ್ಯಪಲ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡಿತು, ಆಪರೇಷನ್‌ಗೆ ಬಗ್ಗುವಂಥ ಅಪರೂಪದ ಬಗೆ. ಒಂಬತ್ತು ತಿಂಗಳು ಪಥ್ಯ, ಮೂಲಿಕೆ ಅಂತ ಆಪರೇಷನ್ ಮುಂದೂಡಿದರು. ಬೇಗ ಮಾಡಿಸಿದ್ದರೆ ಬದುಕುತ್ತಿದ್ದರು ಅಂತ ಖಂಡಿತವಾಗಿ ಹೇಳಲಾಗದು. ಆ ಒಂಬತ್ತು ತಿಂಗಳು ವಾಪಸು ಬರಲಿಲ್ಲ ಅನ್ನುವುದು ಮಾತ್ರ ಖಂಡಿತ.

ಹೆಜ್ಜೆ 9: ‘ಇನ್ನು ಮಾಡುವಂಥದ್ದು ಏನೂ ಇಲ್ಲ’ ಅಂದಾಗ

ಮೋಸ ಎಲ್ಲಕ್ಕಿಂತ ಸುಲಭವಾಗಿ ನಡೆಯುವುದು ಈ ಹೊತ್ತಿನಲ್ಲಿ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ಆ ಹುಲ್ಲುಕಡ್ಡಿಯನ್ನು ದುಬಾರಿ ಬೆಲೆಗೆ ಮಾರುವವರು ದಡದಲ್ಲಿ ಕಾದಿರುತ್ತಾರೆ.

ಗಡ್ಡೆಗೆ ಮಾಡುವಂಥದ್ದು ಇಲ್ಲದಿರಬಹುದು, ಮನುಷ್ಯನಿಗೆ ಮಾಡುವಂಥದ್ದು ಬಹಳ ಇದೆ. ಅದಕ್ಕೆ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ನೋವು, ಉಸಿರಾಟದ ಕಷ್ಟ, ನಿದ್ದೆ, ಭಯ ಇವಕ್ಕೇ ಅಂತ ತರಬೇತಿ ಪಡೆದ ಡಾಕ್ಟರ್, ನರ್ಸ್ ಇರುತ್ತಾರೆ. ಅದು ಸಾಯುವವರಿಗೆ ಅಂತ ಹೆದರಬೇಡಿ. 2010ರಲ್ಲಿ ಅಮೆರಿಕದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆ ಕೊಟ್ಟು ನೋಡಿದರು. ಅವರ ಮನಸ್ಸು ಹಗುರವಾಗಿತ್ತು. ಕೊನೆಗಾಲದಲ್ಲಿ ಕೀಮೋದ ಕಾಟ ಕಡಿಮೆ ಇತ್ತು. ಹೀಗಿದ್ದೂ ಉಳಿದವರಿಗಿಂತ ಜಾಸ್ತಿ ಬದುಕಿದರು, 8.9 ತಿಂಗಳಿಗೆ ಬದಲು 11.6 ತಿಂಗಳು. ಎಷ್ಟೋ ‘ಗ್ಯಾರಂಟಿ ಮದ್ದು’ಗಳು ಕೊಡದ ದಿನಗಳನ್ನು, ನೋವು ಕೇಳಿ ಸಮಾಧಾನ ಮಾಡುವ ಕೆಲಸ ಕೊಟ್ಟಿತು. ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಹೆಸರು ಹಿಡಿದು ಕೇಳಿ.

ಹೆಜ್ಜೆ 10: ಆಗಲೇ ಮೋಸ ಹೋಗಿದ್ದರೆ

ನಾಚಿಕೆಯಿಂದ ಆಸ್ಪತ್ರೆಗೆ ಮರಳದಿರುವುದೇ ದೊಡ್ಡ ನಷ್ಟ. ದುಡ್ಡು ಹೋಯಿತು, ತಿಂಗಳುಗಳೂ ಹೋದವು, ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸುತ್ತದೆ. ಹೋಗಿ. ಕ್ಯಾನ್ಸರ್ ಡಾಕ್ಟರ್‌ಗಳಿಗೆ ಇದು ಹೊಸದಲ್ಲ. ಸ್ಕ್ಯಾನ್ ಹೊಸದಾಗಿ ಮಾಡಿಸಿ, ಈಗಿನ ಸ್ಥಿತಿಯಿಂದ ಶುರು ಮಾಡುತ್ತಾರೆ.

ಜಾಹೀರಾತು, ರಸೀದಿ, ಮೆಸೇಜು, ಕರೆಗಳ ವಿವರ ಎಲ್ಲ ತೆಗೆದಿಡಿ. ಔಷಧ ನಿಯಂತ್ರಣ ಇಲಾಖೆ, ವೈದ್ಯಕೀಯ ಮಂಡಳಿ, ಗ್ರಾಹಕ ನ್ಯಾಯಾಲಯ, ಪೊಲೀಸ್ ಹೀಗೆ ನಿಮ್ಮ ದೇಶದಲ್ಲಿ ಯಾವುದು ಇದೆಯೋ ಅಲ್ಲಿಗೆ ದೂರು ಕೊಡಬಹುದು. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದೇ ಕೆಲವು ದೇಶಗಳಲ್ಲಿ ಅಪರಾಧ. ಬ್ರಿಟನ್‌ನಲ್ಲಿ 1939ರಿಂದ, ಭಾರತದಲ್ಲಿ 1954ರಿಂದ ಇದಕ್ಕೆ ಕಾನೂನಿದೆ. ದುಡ್ಡು ವಾಪಸು ಬರುತ್ತದೋ ಇಲ್ಲವೋ, ದೂರು ದಾಖಲಾದರೆ ಮುಂದಿನವರು ಹುಡುಕಿದಾಗ ಏನಾದರೂ ಸಿಗುತ್ತದೆ.

ಉಳಿದ ಮದ್ದನ್ನು ಎಸೆಯಬೇಡಿ, ಲೇಬಲ್ ಸಮೇತ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಚಿಕ್ಕಮ್ಮ ಕೊನೆಗೊಂದು ದಿನ ಬಾಟಲಿಯನ್ನು ಬ್ಯಾಗಿನಿಂದ ತೆಗೆದು ಡಾಕ್ಟರ್ ಮೇಜಿನ ಮೇಲೆ ಇಟ್ಟರು. ಡಾಕ್ಟರ್ ಲೇಬಲ್ ಓದಿದರು, ಫೋಟೋ ತೆಗೆದುಕೊಂಡರು, ಲಿವರ್ ಟೆಸ್ಟ್ ಬರೆದರು. ಆಮೇಲೆ ಕುರ್ಚಿ ಈ ಕಡೆ ತಿರುಗಿಸಿ, ‘ನಿದ್ದೆ ಹೇಗಿದೆ ಅಮ್ಮಾ?’ ಅಂದರು.